ಗುಡುಗು ಮಿಸ್ ಮಾಡಿದ ಪಾಠ

ಆಟದ ಟೀಚರಿಗೆ ಮಕ್ಕಳು ಇಟ್ಟ ಹೆಸರು ಗುಡುಗು ಮಿಸ್. ಮೈದಾನದ ಈ ತುದಿಯಲ್ಲಿ ಅವರು ಗದರಿದರೆ ಆ ತುದಿಯಲ್ಲಿ ಓಡುವವರ ಕಾಲು ಚುರುಕಾಗುತ್ತಿತ್ತು. ಅಂಥವರಿಗೂ ಒಮ್ಮೆ ಬಾಯಿ ಕಟ್ಟಿತು. ಹತ್ತನೇ ತರಗತಿಗೆ ವಾರಕ್ಕೊಂದು ಆರೋಗ್ಯದ ಪಾಠ ಆಗಬೇಕೆಂದು ಆದೇಶ ಬಂದಾಗ ಉಳಿದ ಮೇಷ್ಟ್ರುಗಳೆಲ್ಲ ಸಿಲಬಸ್ಸು ಮುಗಿದಿಲ್ಲವೆಂದು ಜಾರಿಕೊಂಡರು. ಹೆಡ್ ಮೇಡಂ ಅದನ್ನು ಇವರ ತಲೆಗೆ ಕಟ್ಟಿದರು. ಬೀಸುವ ದೊಣ್ಣೆ ತಪ್ಪಿತೆಂದು ಸ್ಟಾಫ್ ರೂಮು ನಿಟ್ಟುಸಿರು ಬಿಟ್ಟಿತು.

ಮೊದಲ ದಿನ ಮಿಸ್ ಪುಸ್ತಕ ಎತ್ತಿ "ಹದಿಹರೆಯದ ಮಾನಸಿಕ ಬದಲಾವಣೆಗಳು" ಎಂದು ಓದಿದರು. ಹಿಂದಿನ ಬೆಂಚು ಕಿಸಕ್ಕೆಂದಿತು. ಕಿವುಡರ ಮುಂದೆ ಕಿನ್ನರಿ ನುಡಿಸಿದ ಹಾಗೆ ಓದಿ ಮುಗಿಸಿ, ಬೆವರೊರೆಸಿಕೊಂಡು ಹೊರಬಿದ್ದರು.

ಅದೇ ವಾರ ಅವರ ರಿಲೇ ತಂಡದ ಅತಿ ವೇಗದ ಹುಡುಗಿ, ಬಸ್ ಮೆಕ್ಯಾನಿಕ್‌ನ ಮಗಳು, ಅಭ್ಯಾಸಕ್ಕೆ ಬರಲಿಲ್ಲ. ಹುಡುಕಿದರೆ ಆಟದ ಸಾಮಾನಿನ ಕೋಣೆಯಲ್ಲಿ ಮ್ಯಾಟುಗಳ ಮೇಲೆ ಮುದುಡಿ ಕೂತಿದ್ದಳು. ಕೈ ನಡುಗುತ್ತಿತ್ತು.

"ಮಿಸ್, ನಂಗೇನೋ ಹಾರ್ಟ್ ಕಾಯಿಲೆ. ಪರೀಕ್ಷೆ ನೆನಪಾದ್ರೆ ಎದೆ ಹೊಡ್ಕೊಳ್ಳುತ್ತೆ, ಉಸಿರೇ ಸಿಗಲ್ಲ."

ಮಿಸ್ ಗದರಲಿಲ್ಲ. ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡರು. "ನಿಧಾನಕ್ಕೆ ಉಸಿರು ಬಿಡು ಮಗಾ. ನಾನಿಲ್ಲೇ ಇದ್ದೀನಿ."

ನಡುಕ ನಿಂತ ಮೇಲೆ ಅವಳ ತಾಯಿಯನ್ನು ಕರೆಸಿ, ಇಬ್ಬರನ್ನೂ ಡಾಕ್ಟರ ಬಳಿ ಕರೆದೊಯ್ದರು. ಪರೀಕ್ಷಿಸಿ ನೋಡಿದರೆ ಹೃದಯ ಕಲ್ಲುಗುಂಡಿನ ಹಾಗೆ ಗಟ್ಟಿಯಾಗಿತ್ತು. ಇದು ಭಯದ ಕೆಲಸ, ಹೇಳಿಕೊಂಡರೆ ಅರ್ಧ ಹಗುರಾಗುತ್ತದೆ ಎಂದರು ಡಾಕ್ಟರು.

ಮುಂದಿನ ಪಾಠಕ್ಕೆ ಮಿಸ್ ಪುಸ್ತಕ ತರಲಿಲ್ಲ. ಎಲ್ಲರಿಗೂ ತಮ್ಮ ತಮ್ಮ ನಾಡಿ ಹಿಡಿದು ನೋಡಲು ಹೇಳಿದರು.

"ಓಟದ ಮುಂಚೆ ಇದು ಜೋರಾಗುತ್ತೆ ಅಲ್ವಾ? ಭಯ ಬಿದ್ದಾಗ್ಲೂ ಅಷ್ಟೇ, ಮೈ ಓಡೋಕೆ ತಯಾರಾಗುತ್ತೆ. ಪಾಪ, ಪರೀಕ್ಷೆ ಹಾಲ್‌ನಲ್ಲಿ ಎಲ್ಲಿಗೆ ಓಡೋದು? ಮೊನ್ನೆ ನಿಮ್ಮ ಮುಂದೆ ಓದುವಾಗ ನನ್ನ ಕಾಲೂ ಗಡಗಡ ಅಂತಿತ್ತು!"

ತರಗತಿ ಘೊಳ್ಳೆಂದು ನಕ್ಕಿತು. ನಗು ಇಳಿದ ಮೇಲೆ ಹಿಂದಿನ ಬೆಂಚಿನ ತರಲೆಯೊಬ್ಬ ಎದ್ದು, "ಮಿಸ್, ನಂಗೆ ನಿದ್ದೇನೇ ಬರಲ್ಲ," ಎಂದ. ಯಾರೂ ಕಿಸಕ್ಕೆನ್ನಲಿಲ್ಲ. ಬೆಲ್ ಹೊಡೆದರೂ ಯಾರೂ ಏಳಲಿಲ್ಲ.

ಆದರೆ ಪೋಷಕರ ಸಭೆಯಲ್ಲಿ ಮೆಕ್ಯಾನಿಕ್ ಸಿಡಿದೆದ್ದ. "ಗಣಿತ ಬಿಟ್ಟು ಇದೇನ್ರೀ ಭಯದ ಪಾಠ? ನನ್ನ ಮಗಳೇನು ಹುಚ್ಚೀನಾ?" ಈ ಪಾಠ ನಿಲ್ಲಿಸಿಬಿಡೋಣವೇ ಎಂದು ಹೆಡ್ ಮೇಡಂ ಮೆಲ್ಲಗೆ ಕೇಳಿದರು. ಮಿಸ್ ಉತ್ತರಿಸುವ ಮೊದಲೇ ಅಪ್ಪನ ಪಕ್ಕದಲ್ಲಿ ಕೂತಿದ್ದ ಮಗಳು ಎದ್ದು ನಿಂತಳು.

"ನಂಗೆ ಹುಚ್ಚಿಲ್ಲ ಅಪ್ಪಾ. ಭಯ ಇತ್ತು. ನಿಮಗೆ ಹೇಳೋಕೂ ಭಯ ಇತ್ತು."

ಅಪ್ಪ ಮಗಳನ್ನೇ ದಿಟ್ಟಿಸಿದ. ಅವಳ ಹೆಗಲ ಮೇಲೆ ಕೈಯಿಟ್ಟು, "ಈಗ ಹೇಳಿದ್ಯಲ್ಲ, ಅಷ್ಟು ಸಾಕು ಕಣಮ್ಮಾ," ಎಂದ. ಆಮೇಲೆ ಹೆಡ್ ಮೇಡಂ ಕಡೆ ತಿರುಗಿ, "ನಿಲ್ಲಿಸ್ಬೇಡಿ ಮೇಡಂ," ಎಂದು ಕೂತ. ಯಾರದೋ ತಾಯಿ ಎದ್ದು, "ಈ ಪಾಠಕ್ಕೆ ನಾವೂ ಬಂದು ಕೂರಬಹುದಾ?" ಎಂದು ಕೇಳಿದಳು. ಚಪ್ಪಾಳೆ ಬಿತ್ತು.

ಗಣಿತದ ಪರೀಕ್ಷೆಯ ದಿನ ಮಿಸ್ ಗೇಟಿನ ಬಳಿ ಕಾದು ನಿಂತಿದ್ದರು. ಹುಡುಗಿ ಎಲ್ಲರಿಗಿಂತ ಕೊನೆಗೆ ಹೊರಬಂದಳು.

"ನಡುಕ ಬಂತು ಮಿಸ್! ಪೆನ್ ಕೆಳಗಿಟ್ಟು ಉಸಿರಾಡಿದೆ. ಆಮೇಲೆ ಪೂರ್ತಿ ಬರೆದೆ!"

"ಎಷ್ಟು ಬರಬಹುದು?"

"ಯಾರಿಗ್ಗೊತ್ತು!" ಎಂದು ಹುಡುಗಿ ಕುಣಿದಳು. ಗುಡುಗು ಮಿಸ್ ಬೀದಿಯೆಂಬುದನ್ನೂ ಮರೆತು ಅವಳನ್ನು ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟರು.