ಬಾವಿಗೆಸೆದ ಹಸಿರು ಗಾಜು

ಜೇವರ್ಗಿಯ ಕಾಲೇಜಿನಲ್ಲಿ ನಾನು ಒಡೆದ ಬೀಕರುಗಳನ್ನು ಕೂಡಿಟ್ಟಿದ್ದರೆ ಆಳಂದದವರೆಗೂ ರಸ್ತೆಗೆ ಗಾಜು ಹಾಸಬಹುದಿತ್ತು. ಎಂಬತ್ತರ ದಶಕದ ಕೊನೆ ಅದು. ಎಂ.ಎಸ್ಸಿ. ಮುಗಿಸಿ ತಾತ್ಕಾಲಿಕ ಉಪನ್ಯಾಸಕನಾಗಿ ಸೇರಿದ್ದೆ. ನಮ್ಮ ರಸಾಯನಶಾಸ್ತ್ರ ವಿಭಾಗದ ಹಿರಿಯ ಸರ್ ಮಟಕಿಯವರು. ಪಾಠ ಮುಗಿದ ಮೇಲೆ ಕಾಲೇಜಿನ ಲ್ಯಾಬಿನಲ್ಲೇ ಪಿಎಚ್.ಡಿ. ಕೆಲಸ ಮಾಡುತ್ತಿದ್ದರು, ನಾನು ಕೈಜೋಡಿಸುತ್ತಿದ್ದೆ. ಕರೆಂಟು ಹರಿಯುವ ಪ್ಲಾಸ್ಟಿಕ್ ತಯಾರಿಸುವ ಕೆಲಸ.

ಅನಿಲೀನ್ ಎಂಬ ಎಣ್ಣೆಯಂಥ ದ್ರವವನ್ನು ಆಸಿಡ್ಡಿನಲ್ಲಿ ಬೆರೆಸಿ, ಐಸಿನ ನಡುವೆ ಇಟ್ಟು, ಇನ್ನೊಂದು ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು. ಹೈವೇ ಬದಿಯ ಸೋಡಾ ಅಂಗಡಿಯಿಂದ ಗೋಣಿಚೀಲದಲ್ಲಿ ಐಸು ತರುತ್ತಿದ್ದುದು ನನ್ನ ಸೈಕಲ್ಲು. ನಮ್ಮ ಬಿಸಿಲಿಗೆ ಅರ್ಧ ಗಡ್ಡೆ ಪ್ಯಾಂಟಿನ ಮೇಲೇ ಕರಗುತ್ತಿತ್ತು. ಎರಡು ವರ್ಷ ಬರೀ ಕಪ್ಪು ರಾಡಿ ಬಂತು. ಕೊನೆಗೊಂದು ದಿನ ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಹಸಿರು ಪದರು ಕೂತಿತು. ತಂತಿ ಹಚ್ಚಿದರೆ ಮೀಟರಿನ ಮುಳ್ಳು ಸರ್ರನೆ ಎದ್ದಿತು.

"ಸೋಮವಾರ ಯುನಿವರ್ಸಿಟಿ ಮಷೀನಿಗೆ ನಮ್ಮ ಪಾಳಿ ಅದ. ಇದರ ಅಳತಿ ಒಂದು ಸಿಕ್ಕರ ಥೀಸಿಸ್ ಮುಗೀತಲೇ ತಮ್ಮಾ," ಎಂದರು ಸರ್. ಅವರ ನೋಂದಣಿಯ ಅವಧಿ ಆ ತಿಂಗಳಿಗೇ ಮುಗಿಯುತ್ತಿತ್ತು. ಅನಿಲೀನ್ ಬಾಟಲಿಯೂ ಬರಿದಾಗಿತ್ತು.

ನಮ್ಮ ಲ್ಯಾಬಿನಲ್ಲಿ ಒಂದು ರೂಢಿಯಿತ್ತು: ಆಸಿಡ್ ಮುಟ್ಟಿದ್ದನ್ನೆಲ್ಲ ಶನಿವಾರ ವಾಷಿಂಗ್ ಸೋಡಾ ನೀರಲ್ಲಿ ಅದ್ದಿ ತೊಳೆಯುವುದು. ಜೀವಮಾನದಲ್ಲಿ ಆ ಒಂದು ಶನಿವಾರ ಮಾತ್ರ ನಾನು ಹೇಳಿಸಿಕೊಳ್ಳದೆ ಕೆಲಸ ಮಾಡಿದ್ದು. ಸರ್ ಊಟಕ್ಕೆ ಹೋಗಿದ್ದರು. ಗಾಜಿನ ಪಟ್ಟಿಗೆ ಆಸಿಡ್ ವಾಸನೆ ಬರುತ್ತಿತ್ತು, ಅದನ್ನೂ ಅದ್ದಿದೆ. ಕಣ್ಣೆದುರೇ ಹಸಿರು ನೀಲಿಯಾಯಿತು. ಒಣಗಿಸಿ ತಂತಿ ಹಚ್ಚಿದೆ. ಮುಳ್ಳು ಸತ್ತಂತೆ ಮಲಗಿತ್ತು.

ಕಾಲೇಜಿನ ಹಿಂದಿನ ಬಾವಿಗೆ ಪಟ್ಟಿಯನ್ನು ಎಸೆದು ಬಂದೆ. ಸರ್ ಬಂದಾಗ, "ಕೈ ಜಾರಿ ಒಡದೋತ್ರಿ. ಚೂರು ಕಸದ ತಿಪ್ಪಿಗೆ ಹಾಕೀನ್ರಿ," ಎಂದೆ. ಒಡೆಯುವುದರಲ್ಲಿ ನನ್ನ ಹೆಸರು ಎಷ್ಟು ದೊಡ್ಡದೆಂದರೆ ಅವರು ಮರುಪ್ರಶ್ನೆ ಕೇಳಲಿಲ್ಲ.

"ಕೈಗೇನರ ಹತ್ತೇದೇನೋ? ತೋರ್ಸು," ಎಂದು ನನ್ನ ಎರಡೂ ಅಂಗೈ ತಿರುವಿ ನೋಡಿದರು. ಆಮೇಲೆ ಪಂಚೆ ಮೇಲಕ್ಕೆ ಕಟ್ಟಿ ತಿಪ್ಪೆಗಿಳಿದರು. ಒಂದು ಕೋಲು ಹಿಡಿದು ನಾನೂ ಇಳಿದೆ. ಬಾವಿಯಲ್ಲಿರುವುದನ್ನು ತಿಪ್ಪೆಯಲ್ಲಿ ಎಷ್ಟು ಶ್ರದ್ಧೆಯಿಂದ ಹುಡುಕಿದೆನೆಂದರೆ, ನನಗೇ ಸಿಕ್ಕೀತು ಅನ್ನಿಸತೊಡಗಿತು.

"ಉಗುರಿನಷ್ಟು ಚೂರು ಸಿಕ್ಕರೂ ಸಾಕೋ, ಅಳತಿ ತೊಗೋಬಹುದು," ಎಂದರು.

"ಬಣ್ಣ ಕೆಟ್ಟಿದ್ದರ ಹ್ಯಾಂಗ್ರೀ, ಸರ್?"

"ನೀಲಿ ಆಗಿದ್ದರೂ ಚಿಂತಿಲ್ಲ. ಆಸಿಡ್ಡಿನಾಗ ಅದ್ದಿದರ ಮತ್ತ ಹಸಿರಾಗ್ತದ. ಕರೆಂಟೂ ಹರೀತದ. ಅದೇ ನೋಡು ಇದರ ಗಮ್ಮತ್ತು."

ಕೋಲು ಹಿಡಿದು ನಿಂತೆ. ಬಾವಿ ಇಪ್ಪತ್ತು ಹೆಜ್ಜೆ ದೂರವಿತ್ತು. 'ಸರ್, ಅದು ಬಾವಿಯಲ್ಲಿದೆ' ಅನ್ನಬೇಕಿತ್ತು. ಅದರ ಬದಲು, "ನಾಯಿ ಕಚ್ಕೊಂಡು ಹೋಗಿರಬೇಕ್ರಿ," ಎಂದು ನಗೆಯಾಡಿದೆ. ಅವರು ನಕ್ಕರು ಕೂಡ.

ಸೋಮವಾರದ ಪಾಳಿ ಹೋಯಿತು. ನೋಂದಣಿ ರದ್ದಾಯಿತು. ಮರುವರ್ಷ ಅವರಿಗೆ ಅಫಜಲಪುರಕ್ಕೆ ವರ್ಗ ಆಯಿತು. ಹೊರಡುವ ದಿನ ತಮ್ಮ ಪ್ರಯೋಗದ ನೋಟುವಹಿಯನ್ನು ನನ್ನ ಕೈಗಿಟ್ಟು, "ನೀ ಮಾಡಪಾ. ನನಗಂತೂ ಆಗಲಿಲ್ಲ," ಎಂದರು.

ಅದಾಗಿ ನಾಲ್ಕೈದು ವರ್ಷವಾಯಿತು; ಈಗ ಅದೇ ವಿಷಯದ ಪಿಎಚ್.ಡಿ.ಗೆ ನಾನು ನೋಂದಾಯಿಸಿದ್ದೇನೆ. ಅಫಜಲಪುರದ ಬಸ್ಸು ಹತ್ತಿ ಮೂರು ಸಲ ಅವರ ಮನೆಗೆ ಹೋಗಿದ್ದೇನೆ. ಪ್ರತಿ ಸಲವೂ ಅವರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿ, ಚಹಾ ಕುಡಿದು, ಬಾವಿಯ ಮಾತು ಹೇಳದೆ ಬಂದಿದ್ದೇನೆ.