ಗೋಣಿ ಹೊದಿಸದ ಮಂಜುಗಡ್ಡೆ

ಆ ಮಂಜುಗಡ್ಡೆ ನಾನು ಹೇಳಿದಾಗಲೆಲ್ಲ ದೊಡ್ಡದಾಗುತ್ತ ಬಂದಿದೆ. ಒಮ್ಮೆ ಟ್ರಂಕಿನಷ್ಟು, ಒಮ್ಮೆ ತೊಟ್ಟಿಲಿನಷ್ಟು. ಎಂಬತ್ತರ ದಶಕದ ಮೊದಲ ವರ್ಷಗಳು, ಬೇಸಿಗೆ, ದೇವದುರ್ಗದ ನಮ್ಮ ಮನೆ: ಇಷ್ಟನ್ನು ನಂಬಬಹುದು. ನಸುಕಿನಲ್ಲಿ ಅಪ್ಪ ತೀರಿಕೊಂಡಿದ್ದ. ಮಾನ್ವಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ನಾನು ಸುದ್ದಿ ತಿಳಿದು ಬಸ್ಸು ಹತ್ತಿ ಬಂದೆ. ದಾರಿಯಲ್ಲಿ ಅತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ. ಅತ್ತಿದ್ದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಅಷ್ಟೆ.

ನಮ್ಮವರ ಪದ್ಧತಿಯಂತೆ ಅಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಬೀಳದಂತೆ ಎದೆಗೆ ಧೋತರ ಸುತ್ತಿ ಗೂಟಕ್ಕೆ ಕಟ್ಟಿದ್ದರು. ಅಣ್ಣ ಇರಲಿಲ್ಲ. ಅವನು ಹತ್ತಿ ಹೇರಿಕೊಂಡು ಸೊಲ್ಲಾಪುರಕ್ಕೆ ಹೋಗುವ ಲಾರಿಯ ಡ್ರೈವರ್. ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ, ಅವನು ಬಂದರೆ ಹೇಳಿ ಎಂದು ಹೇಳಿಟ್ಟಿದ್ದರು. ಅವನು ಅಪ್ಪನ ಜೊತೆ ಮಾತು ಬಿಟ್ಟು ಬಹಳ ದಿನವಾಗಿತ್ತು. ಯಾಕೆ ಎಂಬುದನ್ನು ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಬಗೆ ಹೇಳುತ್ತಾರೆ.

ಕಾಕಾ ಸಂಜೆಯೊಳಗೆ ಮಣ್ಣು ಮಾಡಬೇಕೆಂದ. ಅವ್ವ ಒಪ್ಪಲಿಲ್ಲ. "ಅಂವ ಬರೂತನಕ ಎತ್ತಾಕ ಬಿಡಂಗಿಲ್ಲ. ಮಾತಂತೂ ಆಡಲಿಲ್ಲ, ಮುಖಾನರ ನೋಡ್ಲಿ."

"ಈ ಬಿಸಲಾಗ ಹ್ಯಾಂಗ ಇಡೂದು, ವೈನಿ?" ಎಂದು ಕಾಕಾ ಅತ್ತಿಗೆಯನ್ನು ಕೇಳಿದ.

ಓಣಿಯ ಸೋಡಾ ಅಂಗಡಿಯ ಸಾಹೇಬರು ರಾಯಚೂರಿನ ಐಸ್ ಫ್ಯಾಕ್ಟರಿಯಿಂದ ಬಸ್ಸಿನ ಮೇಲೆ ಗಡ್ಡೆ ತರಿಸಿಕೊಟ್ಟರು. ಭತ್ತದ ಹೊಟ್ಟು ತುಂಬಿದ ಗೋಣಿಯಲ್ಲಿ ಸುತ್ತಿದ್ದ ಅದನ್ನು ತಾವೇ ಹೊತ್ತು ತಂದರು. "ಎಲ್ಲಿ ಇಡ್ಲಿ ಟೀಚರಮ್ಮಾ? ಜಲ್ದಿ ಹೇಳ್ರಿ, ಈ ಬರ್ಫ್ ಕೈ ಸುಡಾಕತ್ತದ."

ಚಿಗವ್ವ ಮೂಗು ಒರೆಸಿಕೊಳ್ಳುತ್ತಲೇ ಅಂದಳು: "ಇದ್ದಾಗ ಒಂದು ಗೋಲಿ ಸೋಡಾ ಕುಡೀಲಿಲ್ಲ ಪುಣ್ಯಾತ್ಮ. ಈಗ ನೋಡ್ರಿ, ಐಸಿನ ದರ್ಬಾರ!" ಹೆಂಗಸರು ನಕ್ಕರು. ನಕ್ಕದ್ದಕ್ಕೆ ಇನ್ನಷ್ಟು ಅತ್ತರು.

ಗಡ್ಡೆಯನ್ನು ಅಪ್ಪನ ಮುಂದಿಟ್ಟ ಕೂಡಲೇ ಅವ್ವ ಗೋಣಿ ತೆಗೆಸಿ, ಹೊಟ್ಟು ತೊಳೆಸಿ, ಎದುರಿಗೆ ಕೂತಳು. ಬೀಸಣಿಕೆ ಹಿಡಿದು ಗಡ್ಡೆಯ ಮೇಲಿಂದ ಅಪ್ಪನ ಕಡೆ ಗಾಳಿ ಹಾಕತೊಡಗಿದಳು.

ಒಂಬತ್ತನೆಯ ತರಗತಿಗೆ ನಾನು ವರ್ಷವೂ ಹೇಳುತ್ತಿದ್ದ ಪಾಠ ಅದು. ಗಡ್ಡೆಯೊಳಗಿನ ಕಣಗಳು ಕೂತಲ್ಲೇ ನಡುಗುತ್ತವೆ, ಪಕ್ಕದವನ್ನು ಬಿಡುವುದಿಲ್ಲ. ನೀರಾದರೆ ಒಂದರ ಮೇಲೊಂದು ಜಾರಿ ನೆರೆ ಬದಲಿಸುತ್ತವೆ, ಆದರೂ ದೂರವಾಗುವುದಿಲ್ಲ. ಗಾಳಿಯಲ್ಲಿ ಹಾಗಲ್ಲ. ಅಲ್ಲಿ ಯಾವುದೂ ಯಾವುದಕ್ಕೂ ಸೇರಿದ್ದಲ್ಲ. ಓಡುತ್ತವೆ, ಡಿಕ್ಕಿ ಹೊಡೆಯುತ್ತವೆ, ಮತ್ತೆಲ್ಲಿಗೋ ಹೋಗುತ್ತವೆ. ಕಾವು ಹೆಚ್ಚಿದಷ್ಟೂ ಓಟ ಹೆಚ್ಚು. ಅವ್ವನ ಒಂದೊಂದು ಬೀಸಿಗೂ ಅಂಗಳದ ಬಿಸಿ ಗಾಳಿ ಹೊಸದಾಗಿ ಬಂದು ಗಡ್ಡೆಗೆ ಬಡಿಯುತ್ತಿತ್ತು. ಅವಳೇ ಅದನ್ನು ಕರಗಿಸುತ್ತಿದ್ದಳು.

"ಯವ್ವಾ, ಬೀಸಬ್ಯಾಡ. ಗೋಣಿ ಹೊದಸೂಣು, ಸಂಜೀತನಕ ಉಳೀತದ."

"ಹೊದಿಸಿದ್ರ ಐಸ್ ತಂಪಿರ್ತದ. ನಿಮ್ಮಪ್ಪ?"

ಅದೂ ನಿಜ. ಕರಗದ ಗಡ್ಡೆ ಯಾರನ್ನೂ ತಂಪು ಮಾಡುವುದಿಲ್ಲ. ಅಪ್ಪನೊಳಗೆ ಶುರುವಾಗಿದ್ದ, ಯಾರೂ ಬಾಯಿ ಬಿಟ್ಟು ಹೇಳದ ಆ ಚಲನೆಯನ್ನು ನಿಧಾನ ಮಾಡಬೇಕಾದರೆ ಗಡ್ಡೆ ಖರ್ಚಾಗಲೇಬೇಕು. ಮುಚ್ಚಿಟ್ಟರೆ ಹೊತ್ತು ಉಳಿಯುತ್ತದೆ, ಅಪ್ಪ ಉಳಿಯುವುದಿಲ್ಲ. ಬೀಸಿದರೆ ಅಪ್ಪ ಉಳಿಯುತ್ತಾನೆ, ಹೊತ್ತು ಉಳಿಯುವುದಿಲ್ಲ. ನಾನು ಗೋಣಿ ಹಿಡಿದುಕೊಂಡೇ ನಿಂತಿದ್ದೆ.

ನೀರು ನೆಲಕ್ಕೆ ಹಾಸಿದ ಬಂಡೆಗಳ ಸಂದಿಯಲ್ಲಿ ಹರಿದು ಹೊಸ್ತಿಲು ದಾಟಿ, ಗಟಾರ ಮುಟ್ಟುವ ಮೊದಲೇ ಅಂಗಳದಲ್ಲಿ ಆರಿಹೋಗುತ್ತಿತ್ತು. ಊದುಬತ್ತಿಯ ಹೊಗೆ ದಟ್ಟವಾದಂತೆ ಅದರ ಕೆಳಗೆ ಇನ್ನೊಂದು ವಾಸನೆ ಇತ್ತೆಂದು ಈಗ ಅನ್ನಿಸುತ್ತದೆ. ಅಥವಾ ಇಷ್ಟು ವರ್ಷಗಳಲ್ಲಿ ನಾನೇ ಸೇರಿಸಿದ್ದೇನೋ. ಬೀದಿಯಲ್ಲಿ ಲಾರಿ ಹಾದಾಗಲೆಲ್ಲ ಅವ್ವನ ಕೈ ನಿಲ್ಲುತ್ತಿತ್ತು. ಸದ್ದು ಮುಂದೆ ಹೋದರೆ ಮತ್ತೆ ಬೀಸುತ್ತಿದ್ದಳು.

ಹೊತ್ತು ಇಳಿಯುವಾಗ ಗಡ್ಡೆ ಅಂಗೈಯಷ್ಟಾಯಿತು, ಆಮೇಲೆ ಇಲ್ಲವಾಯಿತು. ಕಾಕಾ ಗೂಟದ ಗಂಟು ಬಿಚ್ಚಿದ. ಅವ್ವ ಅಡ್ಡ ಬರಲಿಲ್ಲ.

ಅಣ್ಣ ಮರುದಿನ ಬೆಳಿಗ್ಗೆ ರಾಯಚೂರಿನ ಬಸ್ಸಿಗೆ ಬಂದ. ಹೊಸ್ತಿಲಲ್ಲೇ ನಿಂತು ನನ್ನನ್ನು ಕೇಳಿದ: "ಮುಖಾ ಹ್ಯಾಂಗಿತ್ತು ತಂಗಿ?"

ಹೇಳಲು ಹೋದೆ. ಗಡ್ಡೆಯ ಒಳಗಿನ ಬಿಳಿ ಗೆರೆಗಳು ನೆನಪಿದ್ದವು, ಅಂಚು ದುಂಡಾದದ್ದು, ಒಂದು ಮೂಲೆ ಪಟ್ಟನೆ ಸೀಳಿದ್ದು. ದಿನವಿಡೀ ನಾನು ನೋಡಿದ್ದು ಅದನ್ನು. ಮುಖ ಸಿಗಲಿಲ್ಲ.

"ನಿದ್ದಿ ಹತ್ತಿದಂಗಿತ್ತು" ಎಂದೆ. ಸತ್ತ ಮನೆಗಳಲ್ಲೆಲ್ಲ ಹೇಳುವ ಮಾತು. ಅವನು ನಂಬದೆ ಅವ್ವನ ಕಡೆ ತಿರುಗಿದ. "ಯವ್ವಾ, ನೀ ಹೇಳು."

"ತಣ್ಣಗಿತ್ತಪ್ಪಾ" ಎಂದಳು. ಚಹಾದ ಲೋಟ ಎತ್ತಲು ಹೋದಳು, ನಿನ್ನೆಯೆಲ್ಲ ಬೀಸಿದ್ದ ಬಲಗೈ ಮೇಲೇಳಲಿಲ್ಲ. ಅಣ್ಣ ಚಪ್ಪಲಿ ಬಿಡುವುದನ್ನೂ ಮರೆತು ಪಕ್ಕದಲ್ಲಿ ಕೂತು, ಲೋಟ ಹಿಡಿದು ಕುಡಿಸಿದ.