ಕಣ್ಣಿಗೆ ಸಿಡಿದ ಹನಿ

ಮಗಳು ಸಂಭಾಜಿನಗರದ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ವಿಡಿಯೊ ಕಳಿಸಿದ್ದಳು. ಗಾಜಿನ ತಟ್ಟೆಯಲ್ಲಿ ತಿಳಿ ಹಸಿರು ನೀರು. ಅದರಲ್ಲಿ ಪಾಚಿಯಿಂದ ಮಾಡಿದ, ಬಿಡಿಬಿಡಿಯಾಗಿ ಕಣ್ಣಿಗೆ ಕಾಣದಷ್ಟು ಸಣ್ಣ ಯಂತ್ರಗಳಿವೆಯಂತೆ. ಅವಕ್ಕೆ ಬ್ಯಾಟರಿ ಬೇಡ, ಬೆಳಕೇ ಆಹಾರ. ತಟ್ಟೆಯ ಒಂದು ಬದಿಗೆ ಬೆಳಕಿನ ಚುಕ್ಕೆ ಬಿಟ್ಟದ್ದೇ ತಡ, ಬೆಲ್ಲಕ್ಕೆ ಇರುವೆ ಮುತ್ತಿದಂತೆ ಎಲ್ಲವೂ ಬಂದು ಅಲ್ಲಿ ಕಪ್ಪಗೆ ಕಟ್ಟಿಕೊಂಡವು. ಮುಂದೊಂದು ದಿನ ಇವು ಗಾಯಕ್ಕೆ ಔಷಧ ಒಯ್ಯುತ್ತವೆ ಎಂದಳು. ಆ ವಿಡಿಯೊವನ್ನು ನಾನು ಮತ್ತೊಮ್ಮೆ ನೋಡಲಿಲ್ಲ.

ಆ ನೀರಿನದೇ ಒಂದು ಹನಿ ಮೊನ್ನೆ ಅವಳ ಎಡಗಣ್ಣಿಗೆ ಸಿಡಿಯಿತು. ಅಲ್ಲಿನ ಡಾಕ್ಟರು ಕಣ್ಣು ತೊಳೆದು, ಕೆಂಪು ಇಳಿಯದಿದ್ದರೆ ಮತ್ತೆ ಬಾ ಎಂದರಂತೆ. ಮರುದಿನವೇ ನಾಸಿಕದ ಮನೆಗೆ ಬಂದಳು, ಕಪ್ಪು ಕನ್ನಡಕ ಹಾಕಿಕೊಂಡು.

"ಕಾಹೀ ಹೋಣಾರ್ ನಾಹೀ, ಆಯೀ" ಎಂದು ನಕ್ಕಳು. ಏನೂ ಆಗುವುದಿಲ್ಲವಂತೆ. ಇಲ್ಲೇ ಹುಟ್ಟಿ ಬೆಳೆದವಳು. ನಾನು ಬೀದರದ ಮಾತಿನಲ್ಲಿ ಏನೇ ಕೇಳಲಿ, ಉತ್ತರ ಮರಾಠಿಯಲ್ಲೇ.

"ಆ ಚಷ್ಮಾ ತೆಗಿ, ನೋಡ್ತೀನಿ" ಎಂದೆ. ಧೂಳು ಬೀಳುತ್ತದೆ ಎಂದು ತೆಗೆಯಲಿಲ್ಲ. ಮನೆಯೊಳಗೆ ಎಲ್ಲಿಯ ಧೂಳು!

ಸಾತಪುರದ ಕಾರ್ಖಾನೆಯಲ್ಲಿ ಪಾಳಿಯಲ್ಲಿದ್ದ ಗಂಡನಿಗೆ ಫೋನ್ ಮಾಡಿದೆ. "ಡಾಕ್ಟರ್ ನೋಡ್ಯಾರಲ್ಲ, ನೀ ಸುಮ್ನ ಕೂಡು" ಎಂದರು. "ನೀವೇ ಸುಮ್ನ ಕೂಡ್ರಿ" ಎಂದು ಫೋನ್ ಇಟ್ಟುಬಿಟ್ಟೆ.

ಸಂಜೆ ಪೂಜೆಯ ಹೊತ್ತಾಯಿತು. ನಮ್ಮಲ್ಲಿ ಇಷ್ಟಲಿಂಗವನ್ನು ಎಡಗೈಯಲ್ಲಿ ಹಿಡಿದು, ಅದರ ಮೇಲೆ ಹೊಳೆಯುವ ದೀಪದ ಚುಕ್ಕೆಯನ್ನೇ ರೆಪ್ಪೆ ಬಡಿಯದೆ ನೋಡುತ್ತೇವೆ. ಮಗಳಿಗೆ ನಾನೇ ಕಲಿಸಿದ್ದು. ಕಡ್ಡಿ ಗೀರಿದ ನನ್ನ ಕೈ ಅಲ್ಲೇ ನಿಂತಿತು. ಆ ಚುಕ್ಕೆ ಅವಳ ಕಣ್ಣೊಳಗೂ ಬೀಳುತ್ತದಲ್ಲವೇ? ಒಳಗೆ ಉಳಿದ ಯಂತ್ರಗಳು ಅಲ್ಲಿಗೇ ಮುತ್ತಿದರೆ? ಕಡ್ಡಿ ಆರಿಸಿದೆ, ಟ್ಯೂಬ್‌ಲೈಟ್ ಆರಿಸಿದೆ, ಪರದೆ ಎಳೆದೆ. ಮದುವೆಯಾಗಿ ಬಂದ ಮೇಲೆ ದೀಪವಿಲ್ಲದೆ ನಾನು ಪೂಜೆಗೆ ಕೂತವಳೇ ಅಲ್ಲ.

ಕತ್ತಲಲ್ಲಿ ಪಕ್ಕಕ್ಕೆ ಕೂತು ಮಗಳು ಬಿಡಿಸಿ ಹೇಳಿದಳು. ಅವು ಆ ತಟ್ಟೆಯ ನೀರಿನಲ್ಲಷ್ಟೇ ಓಡಾಡುತ್ತವೆ, ಕಣ್ಣೀರಿನಲ್ಲಿ ಬಾಳುವುದಿಲ್ಲ, ತೊಳೆದಾಗಲೇ ಹೋಗಿರುತ್ತವೆ. ಎಲ್ಲವೂ ಸರಿಯೆನ್ನಿಸಿತು. ನನ್ನ ಮೇಲೆ ನನಗೇ ಸಿಟ್ಟು ಬಂತು. ಓದಿದ ಮಗಳ ಮುಂದೆ ಹುಚ್ಚಿಯ ಹಾಗೆ ಆಡಿದೆನಲ್ಲ! ಧೈರ್ಯ ತಂದುಕೊಂಡು ಮತ್ತೆ ಕಡ್ಡಿಪೆಟ್ಟಿಗೆ ತಡಕಿ ತೆಗೆದೆ.

ಅವಳು ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡಳು. ಬೆರಳುಗಳು ತಣ್ಣಗಿದ್ದವು.

"ಅವ್ವಾ, ದೀಪ ಹಚ್ಚಬ್ಯಾಡ" ಎಂದಳು.